"ನಾನು ಹೋಗದಿದ್ರೂ ನನ್ನ ಅಡ್ಮಿಷನ್ ಆಗ್ತದೆ ಅಲ್ವಾ?"

ಸೀಟು ಹಂಚಿಕೆಯಾಗಿ ಕಾಲೇಜು ಶುರುವಾಗುವ ನಡುವಿನ ವಾರಗಳಲ್ಲಿ, ಆಪ್ತಸಲಹೆಗಾರ್ತಿಯಾದ ನನ್ನ ಬಳಿಗೆ ಕೊಡಗಿನ ಮನೆಗಳಿಂದ ಒಂದೇ ಬಗೆಯ ದೂರು ಮತ್ತೆ ಮತ್ತೆ ಬರುತ್ತದೆ: ಸೀಟು ಸಿಕ್ಕಿದೆ, ಎಲ್ಲಾ ಸರಿ ಇದೆ, ಮಗು ಮಾತ್ರ ಊಟ ಬಿಟ್ಟಿದೆ. ಹೊಟ್ಟೆನೋವು, ನಿದ್ದೆ ಇಲ್ಲ, ಯಾರ ಫೋನೂ ಎತ್ತುವುದಿಲ್ಲ. ಮನೆ ಬಿಡುವ ಭಯ ಎಂದು ದೊಡ್ಡವರು ತೀರ್ಮಾನಿಸಿರುತ್ತಾರೆ. ಕೆಲವು ಮಕ್ಕಳಲ್ಲಿ ಅದು ನಿಜ. ಇನ್ನು ಕೆಲವರ ಕಾಯಿಲೆ ದಾಖಲೆಗಳನ್ನಿಟ್ಟ ಪ್ಲಾಸ್ಟಿಕ್ ಫೈಲಿನೊಳಗೆ ಇರುತ್ತದೆ. ಈ ಪ್ರಕರಣ ಎರಡನೇ ಬಗೆಯದು. ಮನೆಯವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರ ಬದಲಿಸಿ ಬರೆದಿದ್ದೇನೆ.

ಹುಡುಗಿಗೆ ಹದಿನೇಳು. ಸೋಮವಾರಪೇಟೆ ತಾಲ್ಲೂಕು, ಪುಷ್ಪಗಿರಿ ತಪ್ಪಲಿನ ಕಡೆಯ ಊರು. ಮೂರ್ನಾಲ್ಕು ಎಕರೆ ಕಾಫಿ, ಮರಗಳಿಗೆ ಹಬ್ಬಿಸಿದ ಮೆಣಸು. ಅಪ್ಪನದು ಮಾತು ಕಡಿಮೆ; ಹೊರಗಿನ ವ್ಯವಹಾರವೆಲ್ಲ ಚಿಕ್ಕಪ್ಪನದು. ಸಿಇಟಿ ಮೊದಲ ಸುತ್ತಿನಲ್ಲಿ ಮೈಸೂರಿನಲ್ಲಿ ಇಂಜಿನಿಯರಿಂಗ್ ಸೀಟಾಗಿತ್ತು. ಕರೆತಂದವರೂ ಚಿಕ್ಕಪ್ಪನೇ.

ಮೊದಲ ಭೇಟಿ ಹಾಸ್ಟೆಲ್, ಊಟ, ಒಂಟಿತನ ಎಂಬ ಮಾತುಗಳಲ್ಲೇ ಕಳೆಯಿತು. ಎಲ್ಲಕ್ಕೂ "ಹೂಂ ಮೇಡಂ". ಎರಡನೆಯದರಲ್ಲಿ ಚಿಕ್ಕಪ್ಪನನ್ನು ಹೊರಗೆ ಕೂರಿಸಿ, ಫೈಲು ಅವಳ ಕೈಗೆ ಕೊಟ್ಟು, ಏನೇನಿದೆ ಓದಿ ಹೇಳು ಎಂದೆ. ಬಿಡಿಸಿದಳು, ಹೇಳಲು ಆಗಲಿಲ್ಲ. ಇದ್ದದ್ದೆಲ್ಲ ಜೆರಾಕ್ಸ್. ಮೂಲ ಅಂಕಪಟ್ಟಿ, ಟಿಸಿ ಎಲ್ಲಿ ಎಂದರೆ, "ಅದು ಒಂದು ಡಿಗ್ರಿ ಕಾಲೇಜಲ್ಲಿದೆ, ಚಿಕ್ಕಪ್ಪ ಅಲ್ಲೂ ಒಂದು ಸೀಟು ಹಿಡ್ದಿಟ್ಟಿದ್ದಾರೆ." ಒಟಿಪಿ ಯಾರ ಫೋನಿಗೆ ಬರ್ತದೆ? "ಚಿಕ್ಕಪ್ಪಂದಕ್ಕೆ." ಇಮೇಲ್? "ಸೈಬರ್ ಅಂಗಡಿಯವ್ರದ್ದು." ಪಾಸ್‌ವರ್ಡ್? "ಅದೂ ಅವ್ರತ್ರವೇ." ಸೀಟಿಗೆ ಯಾವ ಚಾಯ್ಸ್ ಕೊಟ್ಟಿದ್ದೀರಿ? "ಎರಡು ಅಂತ ಕೇಳಿಸ್ಕೊಂಡೆ." ಹಾಗಂದರೆ ಏನು? ಗೊತ್ತಿಲ್ಲ.

ಆಮೇಲೆ ಅವಳಾಗಿಯೇ ಕೇಳಿದಳು: "ಮೇಡಂ, ನಾನು ಹೋಗದಿದ್ರೂ ನನ್ನ ಅಡ್ಮಿಷನ್ ಆಗ್ತದೆ ಅಲ್ವಾ?"

ತಮಾಷೆಯಲ್ಲ, ವ್ಯಂಗ್ಯವೂ ಅಲ್ಲ. ಅರ್ಜಿ, ಶುಲ್ಕ, ಆಯ್ಕೆ ಎಲ್ಲವೂ ಅವಳಿಲ್ಲದೆ ನಡೆದಿದ್ದವು. ಉಳಿದದ್ದೂ ಹಾಗೇ ನಡೆಯಬಹುದೆಂದು ಅವಳು ನಿಜವಾಗಿಯೂ ನಂಬಿದ್ದಳು. ಇಂಥ ಮಾತಿಗೆ ಭಾವನೆ ಹುಡುಕುತ್ತ ಹೋಗುವುದು ನಮ್ಮ ವೃತ್ತಿಯ ಅಭ್ಯಾಸ. ಅವಳಿಗೆ ಆಗ ಬೇಕಿದ್ದದ್ದು ನೇರ ಉತ್ತರ. "ಇಲ್ಲ. ಕಾಲೇಜಿಗೆ ನೀನೇ ಹೋಗಿ ಮೂಲ ದಾಖಲೆ ತೋರಿಸಿ ವರದಿ ಮಾಡ್ಕೊಳ್ಬೇಕು. ಗಡುವಿನೊಳಗೆ ಹೋಗದಿದ್ರೆ ಸೀಟು ರದ್ದು."

"ಅಂದ್ರೆ ನಾನು ಬೇಡ ಅಂದ್ರೆ ನಿಲ್ತದಾ?"

ಅಲ್ಲಿಂದ ಮಾತು ಹರಿಯಿತು. ಮೈಸೂರು ಅವಳಿಗೆ ಒಪ್ಪಿಗೆಯೇ, ಅಕ್ಕ ಅಲ್ಲೇ ಕೆಲಸದಲ್ಲಿದ್ದಾಳೆ. ಹೆದರಿಕೆ ಬೆಂಗಳೂರಿನದು. ಚಿಕ್ಕಪ್ಪ ಆಯ್ಕೆಪಟ್ಟಿಯ ಮೇಲ್ಭಾಗದ ತುಂಬ ಬೆಂಗಳೂರಿನ ಕಾಲೇಜುಗಳನ್ನು ಹಾಕಿಸಿದ್ದರು.

ಚಾಯ್ಸ್ ಎಂಬ ನಾಲ್ಕು ಗುಂಡಿಗಳ ಅರ್ಥ ಇಷ್ಟೇ. ಒಂದು: ಈ ಸೀಟು ಸಾಕು, ಶುಲ್ಕ ಕಟ್ಟಿ ಸೇರುತ್ತೇನೆ, ಮುಂದಿನ ಸುತ್ತು ಬೇಡ. ಎರಡು: ಇದು ಇರಲಿ, ಪಟ್ಟಿಯಲ್ಲಿ ಇದಕ್ಕಿಂತ ಮೇಲಿನದು ಸಿಕ್ಕರೆ ಅದು ಬೇಕು. ಮೂರು: ಇದು ಬೇಡ, ಮುಂದಿನ ಸುತ್ತು ನೋಡುತ್ತೇನೆ. ನಾಲ್ಕು: ಯಾವುದೂ ಬೇಡ, ಹೊರಗೆ. ಎರಡನೇ ಚಾಯ್ಸ್‌ನಲ್ಲಿ ಎಡವುವವರೇ ಹೆಚ್ಚು. ಮೇಲಿನದು ಸಿಕ್ಕ ಗಳಿಗೆಯಲ್ಲಿ ಕೈಲಿದ್ದ ಸೀಟು ತಾನಾಗಿ ಹೋಗುತ್ತದೆ. ಎರಡು ಸೀಟನ್ನೂ ಎದುರಿಗಿಟ್ಟುಕೊಂಡು ಯೋಚಿಸುವ ಅವಕಾಶ ಇರುವುದಿಲ್ಲ. ಮುಂದಿನ ಸುತ್ತಿಗೆ ಮುಂಚೆ ಆಯ್ಕೆಗಳನ್ನು ಬದಲಿಸಲು, ಅಳಿಸಲು ಕೆಲವೇ ದಿನ ಕೊಡುತ್ತಾರೆ. ಹೋಗಲಾರದ ಕಾಲೇಜನ್ನು ಆಗಲೇ ಅಳಿಸಬೇಕು. ಅವಳ ಪಾಲಿಗೆ ಆ ಕಿಟಕಿ ಇನ್ನೂ ತೆರೆದಿತ್ತು, ಪಾಸ್‌ವರ್ಡ್ ಮಾತ್ರ ಇರಲಿಲ್ಲ.

ಬೆಂಗಳೂರು ಅಳಿಸು ಎಂದು ನಾನು ಹೇಳಲಿಲ್ಲ. ಹೇಳಿದ್ದರೆ ಚಿಕ್ಕಪ್ಪನ ಜಾಗದಲ್ಲಿ ನಾನು ಕೂತಂತಾಗುತ್ತಿತ್ತು. ಕೊಟ್ಟ ಸಲಹೆ ಒಂದೇ: ಸೇರುವ ಮುಂಚಿನ ಉಳಿದ ಕೆಲಸಗಳಷ್ಟನ್ನೂ ನಿನ್ನ ಕೈಯಿಂದಲೇ ಮಾಡು; ಪಟ್ಟಿ ಇಟ್ಟುಕೊಳ್ಳಬೇಕೋ ಬೇಡವೋ ಅದನ್ನು ಲಾಗಿನ್ ಆಗಿ ಪೂರ್ತಿ ಓದಿದ ಮೇಲೆ ನೀನೇ ಹೇಳು.

ಹೆದರಿದ ಮಗುವಿನ ಮೇಲೆ ಗುಮಾಸ್ತಿಕೆ ಹೇರುವುದು ಆಪ್ತಸಲಹೆಯೇ ಎಂದು ಕೇಳುವವರಿದ್ದಾರೆ. ನನ್ನ ಮಟ್ಟಿಗೆ ಹೌದು. ಏನಾಗುತ್ತಿದೆ ಎಂದು ಗೊತ್ತಿಲ್ಲದವರಿಗೆ ಉಸಿರಾಟದ ಅಭ್ಯಾಸ ಹೇಳಿಕೊಟ್ಟರೆ ರಾತ್ರಿ ನಿದ್ದೆ ಬರಬಹುದು, ಬೆಳಿಗ್ಗೆ ಅದೇ ಕತ್ತಲೆ. ಹಾಗೆಂದು ಎಲ್ಲರಿಗೂ ಇದು ಮದ್ದಲ್ಲ: ಬದುಕೇ ಬೇಡ ಎನ್ನುವ ಮಾತು ಬಂದರೆ, ವಾರಗಟ್ಟಲೆ ಹಾಸಿಗೆ ಬಿಟ್ಟೇಳದಿದ್ದರೆ ಕಾಗದಪತ್ರ ಬದಿಗಿಟ್ಟು ಮನೋವೈದ್ಯರನ್ನು ಕಾಣಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಹಗಲೂ ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಇವಳಲ್ಲಿ ಅಂಥದ್ದು ಇರಲಿಲ್ಲ ಎಂದು ಖಚಿತಪಡಿಸಿಕೊಂಡೇ ಮುಂದುವರಿದದ್ದು.

ಮೊದಲ ಕೆಲಸ ಫೋನ್ ನಂಬರು. ಹದಿನೆಂಟು ತುಂಬದವರ ಹೆಸರಿಗೆ ಸಿಮ್ ಕೊಡುವುದಿಲ್ಲ. ಅಮ್ಮನ ಹೆಸರಿನಲ್ಲಿ ತೆಗೆಸಿ ಮಗಳ ಕೈಯಲ್ಲಿಡಬೇಕು. ತನ್ನದೇ ಇಮೇಲ್ ತೆರೆದು, ಅರ್ಜಿಗಳಲ್ಲಿ ಬದಲಿಸಲು ಬರುವ ಕಡೆಯೆಲ್ಲ ಅದನ್ನೇ ಹಾಕಬೇಕು. ಆಧಾರ್‌ಗೆ ಹೊಸ ನಂಬರನ್ನು ಆಧಾರ್ ಕೇಂದ್ರಕ್ಕೆ ಹೋಗಿ ಸೇರಿಸಿಕೊಳ್ಳಬಹುದು. ಹೋದಾಗಲೇ ಇನ್ನೊಂದು ಕೇಳಬೇಕು: 15 ವರ್ಷಕ್ಕೆ ಆಗಬೇಕಾದ ಬೆರಳಚ್ಚು, ಕಣ್ಣಿನ ಗುರುತಿನ ನವೀಕರಣ ಆಗಿದೆಯೇ? ಆಗಿರದಿದ್ದರೆ ಮುಂದೆ ಎಲ್ಲೋ ಬೆರಳಿಟ್ಟಾಗ ಯಂತ್ರ ಒಪ್ಪದೇ ಹೋಗಬಹುದು.

ಎರಡನೆಯದು ಹೆಸರು, ನಮ್ಮ ಜಿಲ್ಲೆಯ ದೊಡ್ಡ ತಲೆನೋವು. ಮನೆತನದ ಹೆಸರು, ಅಪ್ಪನ ಹೆಸರು ಒಂದು ಕಡೆ ಎರಡು ಇನಿಷಿಯಲ್ ಆಗಿ ಮುಂದೆ, ಇನ್ನೊಂದು ಕಡೆ ಪೂರ್ತಿ ಬಿಡಿಸಿ ಹಿಂದೆ, ಜಾತಿ ಪತ್ರದಲ್ಲಿ ಇರುವುದೇ ಇಲ್ಲ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯನ್ನು ಅಳತೆಗೋಲು ಮಾಡಿಕೊಂಡು ಉಳಿದವನ್ನು ಅದಕ್ಕೆ ಹೊಂದಿಸಬೇಕು. ಅಂಕಪಟ್ಟಿಯನ್ನೇ ತಿದ್ದಿಸಲು ಹೊರಟರೆ ಮಂಡಳಿಯವರೆಗೆ ಅಲೆದಾಟ. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡೇ ಸಲ ಅವಕಾಶ. ಅಂಗಡಿಯಲ್ಲಿ ಅವಸರದಲ್ಲಿ ಒಂದನ್ನು ಹಾಳುಮಾಡಿಕೊಂಡವರು ಬೇಕಾದಷ್ಟಿದ್ದಾರೆ.

ಜಾತಿ, ಆದಾಯ ಪತ್ರದಲ್ಲಿ ನೋಡಬೇಕಾದ್ದು ಆರ್‌ಡಿ ಸಂಖ್ಯೆ, ಅಂದರೆ ಪತ್ರದ ಮೇಲೆ RD ಎಂದು ಶುರುವಾಗುವ ನಂಬರು. ಅದನ್ನು ಹಾಕಿದ ಕೂಡಲೇ ನಾಡಕಚೇರಿಯ ದತ್ತಾಂಶದಿಂದ ವಿವರ ಬರುತ್ತದೆ. ಅಲ್ಲಿ ಹೆಸರು ಬೇರೆ ಇದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಹಿಂದುಳಿದ ವರ್ಗಗಳ ಪೈಕಿ 2ಎ, 2ಬಿ, 3ಎ, 3ಬಿಯವರ ಪತ್ರಕ್ಕೆ ಐದು ವರ್ಷದ ಅವಧಿ. ಹೈಸ್ಕೂಲಿನಲ್ಲಿ ಮಾಡಿಸಿದ್ದು ಈಗ ಮುಗಿದಿರುವ ಸಾಧ್ಯತೆಯೇ ಹೆಚ್ಚು. ಗ್ರಾಮೀಣ (15%) ಮತ್ತು ಕನ್ನಡ ಮಾಧ್ಯಮ (5%) ಮೀಸಲಾತಿಗೆ ಒಂದರಿಂದ ಹತ್ತರವರೆಗಿನ ವ್ಯಾಸಂಗ ಪತ್ರ ಬೇಕು. ಶಾಲೆ ಬದಲಿಸಿದ್ದರೆ ಪ್ರತಿ ಶಾಲೆಯಿಂದ ಬೇರೆ ಬೇರೆ, ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಸಹಿ.

ಬ್ಯಾಂಕ್ ಖಾತೆ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಖಾತೆ ತೆರೆಯುವಾಗ ಆಧಾರ್ ಜೆರಾಕ್ಸ್ ಕೊಟ್ಟದ್ದು ಬೇರೆ, ಎನ್‌ಪಿಸಿಐ ಮ್ಯಾಪಿಂಗ್, ಅಂದರೆ ಸರ್ಕಾರದ ಹಣ ಯಾವ ಖಾತೆಗೆ ಬರಬೇಕೆಂದು ಆಧಾರ್‌ಗೆ ಜೋಡಿಸುವುದು, ಬೇರೆ. ವಿದ್ಯಾರ್ಥಿವೇತನ ಹೋಗುವುದು ಮ್ಯಾಪಿಂಗ್ ಆದ ಖಾತೆಗೆ. ಎರಡು ವರ್ಷ ವಹಿವಾಟಿಲ್ಲದ ಖಾತೆ ನಿಷ್ಕ್ರಿಯವಾಗುತ್ತದೆ. ಪ್ರೌಢಶಾಲೆಯಲ್ಲಿ ಮಾಡಿಸಿದ ಪಾಸ್‌ಬುಕ್ಕಿಗೆ ಬಹುಪಾಲು ಇದೇ ಗತಿ. ನೂರು ರೂಪಾಯಿ ಹಾಕಿ, ತೆಗೆದು, ಖಾತೆ ಬದುಕಿದೆಯೇ ನೋಡುವುದು.

ಡಿಗ್ರಿ ಕಾಲೇಜಿನಲ್ಲಿ ಸಿಕ್ಕಿಕೊಂಡಿದ್ದ ಮೂಲ ದಾಖಲೆ? ಮೂಲವನ್ನು ನೋಡಿ ಹಿಂದಿರುಗಿಸಬೇಕು, ಇಟ್ಟುಕೊಳ್ಳಬಾರದು ಎಂಬುದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2018ರಲ್ಲಿ ಹೊರಡಿಸಿದ ಅಧಿಸೂಚನೆ. ಶುಲ್ಕಕ್ಕೂ ಅದರಲ್ಲೇ ಲೆಕ್ಕವಿದೆ: ಪ್ರವೇಶದ ಕೊನೆ ದಿನಕ್ಕೆ 15 ದಿನ ಅಥವಾ ಹೆಚ್ಚು ಮುಂಚೆ ಬಿಟ್ಟರೆ ಪೂರ್ತಿ (5%, ಹೆಚ್ಚೆಂದರೆ 5,000 ರೂಪಾಯಿ ಕಡಿತ), ಅದಕ್ಕಿಂತ ಹತ್ತಿರವಾದರೆ 90%, ಕೊನೆ ದಿನ ಕಳೆದು 15 ದಿನದೊಳಗೆ 80%, 30 ದಿನದೊಳಗೆ 50%, ಆಮೇಲೆ ಏನೂ ಇಲ್ಲ. ಸಿಇಟಿ ಸೀಟಿಗೆ ಅದನ್ನು ನಡೆಸುವ ಪರೀಕ್ಷಾ ಪ್ರಾಧಿಕಾರದ್ದೇ ಪ್ರತ್ಯೇಕ ನಿಯಮ. ಬಾಯಿಮಾತಿನಲ್ಲಿ ಕೇಳಿದರೆ ನಾಳೆ ಬಾ ಎನ್ನುತ್ತಾರೆ. ಲಿಖಿತ ಅರ್ಜಿ ಕೊಟ್ಟು ಒಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಬೇಕು. ಅವಳು ಹಾಗೇ ಮಾಡಿದಳು. ತನ್ನ ಕೈಬರಹದಲ್ಲಿ ಬರೆದ ಮೊದಲ ಅರ್ಜಿ ಅದು. ದಾಖಲೆ ಕೈಗೆ ಬಂದ ದಿನ ಹೊಟ್ಟೆನೋವಿನ ಮಾತು ಎತ್ತಲಿಲ್ಲ ಎಂದು ಅಮ್ಮ ಹೇಳಿದರು.

ಹಣದ ವಿಷಯ ಮನೆಯಲ್ಲಿ ಬಿಡಿಸಿ ಮಾತಾಡಬೇಕು. ಕಾಫಿ ದುಡ್ಡು ಬರುವುದು ಕುಯ್ಲು ಮುಗಿದ ಮೇಲೆ, ಬೇಸಿಗೆಗೆ. ಶುಲ್ಕ ಕೇಳುವುದು ಮಳೆಗಾಲದಲ್ಲಿ. ಗೋಣಿಯಲ್ಲಿ ಕಾದಿಟ್ಟ ಮೆಣಸು ಮಾರುತ್ತಾರೋ, ವ್ಯಾಪಾರಿಯ ಹತ್ತಿರ ಮುಂಗಡ ತರುತ್ತಾರೋ, ಸಾಲವೋ ಎಂಬುದು ಮಕ್ಕಳಿಗೆ ತಿಳಿದಿರಲಿ. ಮುಚ್ಚಿಟ್ಟರೆ ಅವರು ಊಹಿಸುವ ಮೊತ್ತ ಇನ್ನೂ ದೊಡ್ಡದು.

ರ‍್ಯಾಗಿಂಗ್ ವಿರೋಧಿ ಮುಚ್ಚಳಿಕೆಯನ್ನು ವಿದ್ಯಾರ್ಥಿ, ಪೋಷಕರು ಇಬ್ಬರೂ ಆನ್‌ಲೈನಿನಲ್ಲಿ ಕೊಡಬೇಕು. 1800-180-5522 ಸಹಾಯವಾಣಿ ಫೋನಿನಲ್ಲಿ ಇರಲಿ. ಇನ್ನು ಕಕ್ಕಡದ (ಜುಲೈ-ಆಗಸ್ಟ್ ಹೊತ್ತಿನ ಕೊಡವ ತಿಂಗಳು) ಮಳೆಯಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ದಿನಗಟ್ಟಲೆ ಹೋಗುವ ಊರಿನವರು ಅಧಿಕೃತ ಕೊನೆ ದಿನಕ್ಕಿಂತ ಮೂರು ದಿನ ಮುಂಚಿನ ದಿನವನ್ನೇ ಗಡುವು ಎಂದು ಗೋಡೆ ಕ್ಯಾಲೆಂಡರಿನಲ್ಲಿ ಸುತ್ತು ಹಾಕುವುದು ಒಳ್ಳೆಯದು.

ಚಿಕ್ಕಪ್ಪನಿಗೆ ನೋವಾಯಿತು. "ಇಷ್ಟು ಓಡಾಡಿದ್ದಕ್ಕೆ ನಾನೇ ತಪ್ಪಿತಸ್ಥ ಆದ್ನಾ?" ಎಂದರು. ಅವರ ಓಡಾಟವಿಲ್ಲದಿದ್ದರೆ ಅರ್ಜಿಯೇ ಬೀಳುತ್ತಿರಲಿಲ್ಲ, ಹಾಗೆಂದು ಹೇಳಿದೆ. ಜೊತೆಗೆ ಒಂದು ಷರತ್ತು: ಜೀಪು ನಿಮ್ಮದು, ಕೀಬೋರ್ಡು ಅವಳದು. ತಪ್ಪು ಒತ್ತುತ್ತಿದ್ದರೆ ಬಾಯಲ್ಲಿ ಹೇಳಿ, ಕೈ ಹಾಕಬೇಡಿ.

ಪಟ್ಟಿ ಓದಿ ಮುಗಿಸಿ ಬೆಂಗಳೂರಿನ ಒಂದು ಕಾಲೇಜನ್ನು ಉಳಿಸಿ ಮಿಕ್ಕಿದ್ದನ್ನು ಅಳಿಸಿದಳು. ಆ ಒಂದು ಯಾಕೆ ಎಂದು ಚಿಕ್ಕಪ್ಪ ಕೇಳಿದ್ದಕ್ಕೆ, ಅಲ್ಲಿನ ಕೋರ್ಸು ನನಗೆ ಬೇಕಾದ್ದು ಅಂದಳಂತೆ. ಎರಡನೇ ಸುತ್ತಿನಲ್ಲಿ ಅದು ಬರಲಿಲ್ಲ, ಮೈಸೂರೇ ಉಳಿಯಿತು. ಆಧಾರ್‌ನಲ್ಲಿ ನಂಬರು ಇನ್ನೂ ಬದಲಾಗಿರಲಿಲ್ಲವಾದ್ದರಿಂದ ವಿದ್ಯಾರ್ಥಿವೇತನದ ಅರ್ಜಿಗೆ ಚಿಕ್ಕಪ್ಪನ ಫೋನೇ ಬೇಕಿತ್ತು. ಯಾವ ದಿನ, ಎಷ್ಟು ಗಂಟೆಗೆ ಫೋನ್ ಹಿಡಿದು ಪಕ್ಕದಲ್ಲಿ ಕೂರಬೇಕೆಂದು ಅವಳೇ ಅವರಿಗೆ ಹೇಳಿ ಕಳಿಸಿದ್ದಳು.