ಕುಂಬಳೆಗೆ ಬನ್ನಿ, ನಿಧಾನಕ್ಕೆ ನೋಡಿ

ಪ್ರಶ್ನೆ: ಅಕ್ಕ, ಮೇ ತಿಂಗಳಲ್ಲಿ ನಾಲ್ಕು ದಿನ ಮಂಗಳೂರಿನ ನೆಂಟರ ಮನೆಯಲ್ಲಿ ಇರುತ್ತೇವೆ. ಒಂದು ದಿನ ಕಾಸರಗೋಡು ಕಡೆಯ ಚಿಕ್ಕ ಊರು ನೋಡುವ ಆಸೆ. ಅಮ್ಮನಿಗೆ 72 ವರ್ಷ, ಮಂಡಿನೋವು. ಮಗನಿಗೆ 9. ಕಾರು ಮಾಡಿಕೊಂಡು ಬೇಕಲ, ಮಧೂರು, ಅನಂತಪುರ, ಮಂಜೇಶ್ವರ ಎಲ್ಲ ಒಂದೇ ದಿನ ಮುಗಿಸಿ ಎನ್ನುತ್ತಾರೆ ನೆಂಟರು. ಆಗುತ್ತಾ? ಅಲ್ಲಿ ಕನ್ನಡ ನಡೆಯುತ್ತಾ?
– ಓದುಗರೊಬ್ಬರು, ಮೈಸೂರು

ಉತ್ತರ: ಆಗುತ್ತದೆ. ಆದರೆ ದಯವಿಟ್ಟು ಹಾಗೆ ಮಾಡಬೇಡಿ.

ನಾನು ಒಮ್ಮೆ ಮಾಡಿದ್ದೇನೆ. ಶಿವಮೊಗ್ಗದಿಂದ ಬಂದ ಚಿಕ್ಕಮ್ಮನನ್ನು ಈ ನಾಲ್ಕೂ ಕಡೆ ಸುತ್ತಿಸಿದೆ. ರಾತ್ರಿ ಕಾಲಿಗೆ ಎಣ್ಣೆ ತಿಕ್ಕುವಾಗ ಅವರು ಕೇಳಿದರು, "ಕೆರೆ ಇದ್ದದ್ದು ಯಾವ ದೇವಸ್ಥಾನದಲ್ಲಿ ಮಗಾ?" ನನಗೆ ತುಂಬ ಬೇಜಾರಾಯಿತು. ಅಂದಿನಿಂದ ನೆಂಟರಿಗೆ ಒಂದು ದಿನಕ್ಕೆ ಒಂದೇ ಊರು. ನಿಮಗೂ ಅದನ್ನೇ ಹೇಳುತ್ತೇನೆ, ಕುಂಬಳೆಗೆ ಬನ್ನಿ. ಬೇಕಲ ದೊಡ್ಡ ಕೋಟೆ, ಸುಮಾರು 40 ಎಕರೆ, ನೋಡಲೇಬೇಕು. ಆದರೆ ಮೇ ಬಿಸಿಲಲ್ಲಿ ಮಂಡಿನೋವಿನವರನ್ನು ಅಲ್ಲಿ ನಡೆಸಬೇಡಿ. ಡಿಸೆಂಬರಿಗೆ ಇಟ್ಟುಕೊಳ್ಳಿ.

ಕಾರು ಬೇಡ. ಮಂಗಳೂರು ಸೆಂಟ್ರಲ್‌ನಲ್ಲಿ ಕುಂಬಳೆಗೆ ನಿಲ್ಲುವ ಬೆಳಗಿನ ರೈಲು ಯಾವುದೆಂದು ವಿಚಾರಿಸಿ ಹತ್ತಿ. ಮಗನನ್ನು ಬಲಗಡೆ ಕಿಟಕಿಗೆ ಕೂರಿಸಿ, ಕಡಲು ಆ ಬದಿಗೆ. ಮೊದಲು ನೇತ್ರಾವತಿ ಸೇತುವೆ. ಆಮೇಲೆ ಉಳ್ಳಾಲ, ಮಂಜೇಶ್ವರ, ಉಪ್ಪಳ. ಉಪ್ಪಳ ಕಳೆದ ಮೇಲೆ ಶಿರಿಯ ಹೊಳೆ ಬರುತ್ತದೆ. ಎರಡೂ ಕಡೆ ತೆಂಗು, ನಡುವೆ ಅಗಲಕ್ಕೆ ಹರಡಿದ ನೀರು. ನನಗೆ ಈಗಲೂ ಅಲ್ಲಿ ಮಾತು ನಿಂತುಹೋಗುತ್ತದೆ.

ಇಳಿದವರು ರಿಕ್ಷಾ ಮಾಡಿಕೊಂಡು ಕಣಿಪುರ ಗೋಪಾಲಕೃಷ್ಣ ದೇವಸ್ಥಾನಕ್ಕೆ ಹೋಗಿ. ಕಣ್ವ ಮಹರ್ಷಿಗಳ ಹೆಸರಿನಿಂದ ಕಣಿಪುರ ಅಂತ ನಮ್ಮ ನಂಬಿಕೆ. 'ಅಡೂರು ಮಧೂರು ಕಾವು ಕಣ್ಯಾರ' ಎಂದು ಕುಂಬಳೆ ಸೀಮೆಯ ನಾಲ್ಕು ದೇವಸ್ಥಾನಗಳನ್ನು ಒಟ್ಟಿಗೆ ಹೇಳುವುದು ವಾಡಿಕೆ, ಆ ಕಣ್ಯಾರ ಇದೇ. ಯಕ್ಷಗಾನಕ್ಕೆ ರಾಮಾಯಣದ ಪ್ರಸಂಗ ಬರೆದ ಪಾರ್ತಿಸುಬ್ಬನನ್ನೂ ನಾವು ಕುಂಬಳೆಯವನು ಅಂತಲೇ ಹೇಳಿಕೊಳ್ಳುವುದು. ಮಗನಿಗೆ ತಿಳಿಸಿ.

ಅಲ್ಲಿಂದ ಅದೇ ರಿಕ್ಷಾದಲ್ಲಿ ಅನಂತಪುರ, 5-6 ಕಿ.ಮೀ. ಇದಕ್ಕೆ ಮಾತ್ರ ಸಮಯ ಜಾಸ್ತಿ ಇಡಿ. ಮುರಕಲ್ಲಿನ ಬೋಳು ಗುಡ್ಡ, ಹುಲ್ಲೆಲ್ಲ ಒಣಗಿರುತ್ತದೆ. ಅದರ ನಡುವೆ ತುಂಬಿದ ಕೆರೆ, ಕೆರೆಯ ನಡುವೆ ಗುಡಿ. ಸಣ್ಣ ಸೇತುವೆ ದಾಟಿ ಹೋಗಬೇಕು. ತಿರುವನಂತಪುರದ ಪದ್ಮನಾಭನಿಗೆ ಇದೇ ಮೂಲಸ್ಥಾನ ಎನ್ನುತ್ತಾರೆ. ಇಲ್ಲಿನ ಮೂಲ ಮೂರ್ತಿ ಕಲ್ಲಿನದ್ದಲ್ಲ, ಔಷಧಿ ವಸ್ತುಗಳನ್ನು ಸೇರಿಸಿದ ಕಡುಶರ್ಕರ ಪಾಕದ್ದಾಗಿತ್ತು. ಕೆರೆಯಲ್ಲಿದ್ದ ಬಬಿಯಾ ಮೊಸಳೆ 2022ರ ಅಕ್ಟೋಬರಿನಲ್ಲಿ ತೀರಿಕೊಂಡಿತು. ಆವತ್ತು ನಮ್ಮ ಬೀದಿಯಲ್ಲಿ ಮನೆಯವರೇ ಹೋದ ಹಾಗೆ ಮಾತಾಡಿಕೊಂಡರು. ಮರುವರ್ಷ ಇನ್ನೊಂದು ಮೊಸಳೆ ಕಾಣಿಸಿತು. ನಿಮ್ಮ ಮಗ ನೆರಳಲ್ಲಿ ಕೂತು ಅದಕ್ಕಾಗಿ ಕಾಯಲಿ, ಅವಸರ ಮಾಡಬೇಡಿ. ಅಮ್ಮನಿಗೂ ಕೂತಷ್ಟು ಹೊತ್ತು ವಿಶ್ರಾಂತಿ, ಅಲ್ವಾ? ಮಧ್ಯಾಹ್ನ ಬಾಗಿಲು ಹಾಕುತ್ತಾರೆ, ಹಾಗಾಗಿ ಹತ್ತು ಗಂಟೆಯೊಳಗೆ ತಲುಪಿ.

ಆ ಗುಡ್ಡಗಳನ್ನು ನೋಡಿ ಇಲ್ಲಿ ನೀರೇ ಇಲ್ಲ ಅಂದುಕೊಳ್ಳಬೇಡಿ. ನಮ್ಮ ಕಡೆ ಗುಡ್ಡದ ಬದಿಗೆ ಅಡ್ಡವಾಗಿ ಸುರಂಗ ಕೊರೆಯುತ್ತಾರೆ. ನನ್ನ ತಾಯಿಮನೆಯ ಹಿಂದೆಯೂ ಒಂದಿದೆ, ಬಗ್ಗಿ ನಡೆಯುವಷ್ಟು ಎತ್ತರ. ಒಳಗೆ ಕಲ್ಲಿನಿಂದ ಜಿನುಗಿದ ನೀರು ತಾನಾಗಿ ಹೊರಗೆ ಬರುತ್ತದೆ. ಪಂಪು ಬೇಡ, ಕರೆಂಟೂ ಬೇಡ. ಅಡಿಕೆ ಮರ ಸೀಳಿದ ದಂಬೆಯಲ್ಲಿ ಹರಿದು ಅಂಗಳದ ತೊಟ್ಟಿಗೆ ಬೀಳುತ್ತದೆ. ಬೇಸಿಗೆ ರಜೆಯಲ್ಲಿ ನಾವು ಮಕ್ಕಳು ಕಾಟು ಮಾವಿನಹಣ್ಣು ತಿಂದು ಅಲ್ಲೇ ಕೈ ತೊಳೆಯುತ್ತಿದ್ದೆವು. ರಿಕ್ಷಾದವರನ್ನು ಕೇಳಿ, ಪರಿಚಯದವರ ಮನೆಯಲ್ಲಿ ಸುರಂಗ ಇದ್ದರೆ ತೋರಿಸಿಯಾರು. ಆದರೆ ಒಳಗೆ ನುಗ್ಗಬಾರದು.

ಮಧ್ಯಾಹ್ನ ಪೇಟೆಗೆ ಬಂದು ಕುಚ್ಚಲಕ್ಕಿ ಅನ್ನ, ಮಜ್ಜಿಗೆ. ಸೀಯಾಳ ಕುಡಿಯುತ್ತಾ ಇರಿ, ಪುನರ್ಪುಳಿ (ಕೋಕಂ) ಶರಬತ್ತು ಸಿಕ್ಕಿದರೆ ಬಿಡಬೇಡಿ.

ಕನ್ನಡದ ಬಗ್ಗೆ ಕೇಳಿದಿರಿ. 1956ರಲ್ಲಿ ನಾವು ಕೇರಳಕ್ಕೆ ಸೇರಿದೆವು, ಮಾತು ಇಲ್ಲೇ ಉಳಿಯಿತು. ನಾನು 31 ವರ್ಷ ಇಲ್ಲಿ ಕನ್ನಡದಲ್ಲೇ ಪಾಠ ಮಾಡಿದವಳು. ಅಂಗಡಿಯವರು ನಿಮ್ಮ ಹತ್ತಿರ ಕನ್ನಡ, ಪಕ್ಕದವರ ಹತ್ತಿರ ತುಳು, ಫೋನಿನಲ್ಲಿ ಮಲಯಾಳ ಆಡುತ್ತಾರೆ. ಯಾರಾದರೂ ಮಲಯಾಳದಲ್ಲಿ ಶುರು ಮಾಡಿದರೂ ನೀವು ಕನ್ನಡದಲ್ಲೇ ಉತ್ತರ ಕೊಡಿ. ಮೈಸೂರಿನವರು ಬಂದು ಕನ್ನಡ ಆಡಿದರೆ ನಮಗೆ ಎಷ್ಟು ಖುಷಿಯೋ, ಹೇಳಲಾರೆ.

ಬಿಸಿಲು ಇಳಿದ ಮೇಲೆ ಕಡಲಿಗೆ ಹೋಗಿ, ಸ್ಟೇಷನ್‌ನಿಂದ ದೂರವಿಲ್ಲ. ಮಳೆಗಾಲ ಹತ್ತಿರವಾದಾಗ ಅಲೆ ಜೋರು, ಮಗನನ್ನು ನೀರಿಗೆ ಬಿಡಬೇಡಿ. ಅಮ್ಮನಿಗೆ ಹಾಸಲು ಒಂದು ಪಂಚೆ ತನ್ನಿ. ವಾಪಸಿನ ರೈಲಿನ ಹೊತ್ತನ್ನು ಮಾತ್ರ ಬೆಳಿಗ್ಗೆ ಇಳಿದಾಗಲೇ ಕೇಳಿಟ್ಟುಕೊಳ್ಳಿ.