ಮಿಲ್ ನಿಂತ ಮೇಲೂ ಕಿವಿಯಲ್ಲಿ ಮಿಲ್ ಓಡುತ್ತಿದೆ. ಮನೆ ಬದಲಿಸಲಾ, ಇಯರ್‌ಪ್ಲಗ್ ಹಾಕಿಕೊಳ್ಳಲಾ?

ಎರಡೂ ಬೇಡ. ರೈಸ್ ಮಿಲ್ ಪಕ್ಕ ಬಾಡಿಗೆ ಮನೆ, ಮಿಲ್ ಬಂದ್ ಆದ ಮೇಲೂ ಅದೇ ಗುಂಯ್ ಸದ್ದು, ಫ್ಯಾನ್ ಹಾಕಿದರೆ ಫ್ಯಾನಿನ ಹಾಗೆ, ಬೋರ್ ಮೋಟರ್ ಹಾಕಿದರೆ ಮೋಟರ್ ಹಾಗೆ ಅಂತ ಬರೆದಿದ್ದೀರಿ. ಇದನ್ನೆಲ್ಲ ನಾನು ಅನುಭವಿಸಿದ್ದೇನೆ. ಈಗಲೂ ಇದರ ಜೊತೆಗೇ ಬದುಕುತ್ತಿದ್ದೇನೆ, ಆದರೆ ನಿದ್ದೆ ಬರುತ್ತದೆ.

ನಾನು ಗಂಗಾವತಿಯ ಒಂದು ರೈಸ್ ಮಿಲ್ಲಿನಲ್ಲಿ ಮಷೀನ್ ನೋಡಿಕೊಳ್ಳುವವನು. ಪಾಲಿಷರ್, ಬ್ಲೋವರ್, ಎಲಿವೇಟರ್ ಎಲ್ಲ ಒಂದೇ ಶೆಡ್ಡಿನಲ್ಲಿ ಓಡುತ್ತವೆ. ಹೊಸ ಭತ್ತ ಬಂತೆಂದರೆ ಹಗಲು ರಾತ್ರಿ ಅಂತಿಲ್ಲ. ಮೊದಲು ಕಿವಿಯಲ್ಲಿ ಬರೀ ಕೀಂಯ್ ಅಂತಿತ್ತು. ಆಮೇಲೆ ಅದು ಸುತ್ತಲಿನ ಸದ್ದನ್ನು ಹಿಡಿಯತೊಡಗಿತು. ಬೇಸಿಗೆಯಲ್ಲಿ ಕೂಲರ್ ಇಲ್ಲದೆ ನಮ್ಮ ಕಡೆ ಮಲಗೋಕಾಗಲ್ಲ, ಗೊತ್ತಲ್ವಾ. ಕೂಲರ್ ಹಾಕಿದರೆ ಅದರೊಳಗೆ ಇನ್ನೊಂದು ಕೂಲರ್ ಓಡಿದ ಹಾಗೆ ಕೇಳುತ್ತಿತ್ತು. ಆಫ್ ಮಾಡಿದರೆ ಹೊರಗಿನದು ನಿಲ್ಲುತ್ತಿತ್ತು, ಒಳಗಿನದು ನಿಲ್ಲುತ್ತಿರಲಿಲ್ಲ. ನಡುರಾತ್ರಿ ಎದ್ದು ಮೋಟರ್ ಸ್ಟಾರ್ಟರ್ ನೋಡಿ ಬರುತ್ತಿದ್ದೆ. ಬಂದ ಮೇಲೂ ನಂಬಿಕೆ ಬರದೆ ಹೆಂಡತಿಯನ್ನು ಎಬ್ಬಿಸುತ್ತಿದ್ದೆ. "ಬಂದ್ ಐತ್ರೀ, ಮಕ್ಕೋರಿ" ಅನ್ನುತ್ತಿದ್ದಳು.

ಅವ್ವ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ತಂದಳು. ನಾನು ಕಿವಿಗೆ ಹಾಕಿಸಿಕೊಳ್ಳಲಿಲ್ಲ, ನೀವೂ ಹಾಕಿಸಿಕೊಳ್ಳಬೇಡಿ. ಕಿವಿಯ ತಮಟೆಯಲ್ಲಿ ತೂತಿದ್ದರೆ ಎಣ್ಣೆ ಒಳಕ್ಕೇ ಇಳಿಯುತ್ತದೆ. ಮೊದಲು ನೋಡಿದ ಡಾಕ್ಟರು ಟಾರ್ಚ್ ಬಿಟ್ಟು ನೋಡಿ, "ಏನಿಲ್ಲ, ಮನಸ್ಸಿಗೆ ಹಚ್ಚಿಕೊಂಡೀರಿ" ಅಂತ ಮಾತ್ರೆ ಬರೆದುಕೊಟ್ಟರು. ಕಿವಿಯ ಟೆಸ್ಟ್ ಮಾಡಿಸಿ ಅಂತ ಹೇಳಲೇ ಇಲ್ಲ.

ನಾನು ಎಡವಿದ್ದು ಇಲ್ಲೇ. ನೀವು ಈಗ ಅದನ್ನೇ ಮಾಡಲು ಹೊರಟಿದ್ದೀರಿ, ಅದಕ್ಕೆ ಬಿಡಿಸಿ ಹೇಳುತ್ತೇನೆ. ಸದ್ದು ಹೊರಗಿಂದ ಅಂಟಿಕೊಂಡಿದೆ, ಹೊರಗಿನದನ್ನು ತಡೆದರೆ ಒಳಗಿನದೂ ಸಾಯುತ್ತದೆ ಅಂದುಕೊಂಡೆ. ಮೆಡಿಕಲ್ ಶಾಪಿನಿಂದ ಫೋಮ್ ಇಯರ್‌ಪ್ಲಗ್ ತಂದು ಮನೆಯಲ್ಲಿ ಹಾಕಿಕೊಂಡೆ. ಊಟಕ್ಕೆ ಕೂತಾಗಲೂ, ಮಲಗುವಾಗಲೂ. ಮಿಲ್ಲಿಗೆ ಹೋಗುವಾಗ ಮಾತ್ರ ತೆಗೆದಿಡುತ್ತಿದ್ದೆ, ಯಾಕಂದರೆ ಮಷೀನಿನ ಸದ್ದು ಕೇಳದಿದ್ದರೆ ಬೇರಿಂಗ್ ಹೋಗಿದ್ದು ಗೊತ್ತಾಗಲ್ಲ. ಹಾಕಬೇಕಾದ ಕಡೆ ಹಾಕಲಿಲ್ಲ, ಹಾಕಬಾರದ ಕಡೆ ಹಾಕಿದೆ. ಕೊನೆಗೆ ಪಾತ್ರೆ ಇಟ್ಟ ಸದ್ದಿಗೂ ಬೆಚ್ಚುವ ಹಾಗಾಯಿತು.

ಯಾಕೆ ಹಾಗಾಯಿತು ಅಂತ ಬಳ್ಳಾರಿಯಲ್ಲಿ ಒಬ್ಬರು ಆಡಿಯಾಲಜಿಸ್ಟ್, ಅಂದರೆ ಕಿವಿ ಎಷ್ಟು ಕೇಳುತ್ತದೆ ಅಂತ ಟೆಸ್ಟ್ ಮಾಡುವವರು, ತಿಳಿಸಿಕೊಟ್ಟರು. ಒಳಗಿವಿಯಲ್ಲಿ ಸಣ್ಣ ಕೂದಲಿನಂಥ ಜೀವಕೋಶಗಳಿವೆ. ಜೋರು ಸದ್ದಿಗೆ ಅವು ಸಾಯುತ್ತವೆ, ಸತ್ತವು ಮತ್ತೆ ಹುಟ್ಟಲ್ಲ. ಆಗ ಮಿದುಳಿಗೆ ಬರುವ ಸದ್ದು ಕಡಿಮೆಯಾಗುತ್ತದೆ. ಸ್ಟೇಷನ್ ಸರಿಯಾಗಿ ಸಿಗದ ರೇಡಿಯೋದ ವಾಲ್ಯೂಮ್ ಏರಿಸಿದರೆ ಬರೀ ಬುಸ್ ಅನ್ನುವುದೇ ಜೋರಾಗುತ್ತದಲ್ಲ, ಮಿದುಳು ಮಾಡುವುದೂ ಅದನ್ನೇ. ಪ್ಲಗ್ ಹಾಕಿದರೆ ಬರುವ ಸದ್ದು ಇನ್ನೂ ಕಡಿಮೆ, ಮಿದುಳು ವಾಲ್ಯೂಮನ್ನು ಇನ್ನೂ ಏರಿಸುತ್ತದೆ. ಕಿವಿ ಸರಿಯಿದ್ದವರಿಗೇ ಎರಡು ವಾರ ಪ್ಲಗ್ ಹಾಕಿಸಿ ನೋಡಿದ್ದಾರೆ. ತೆಗೆದ ಮೇಲೆ ಮಾಮೂಲಿ ಸದ್ದೂ ಅವರಿಗೆ ಮೊದಲಿಗಿಂತ ಜೋರಾಗಿ ಕೇಳಿದೆ. ನಾನಂತೂ ಮೊದಲೇ ಕಿವಿ ಕೆಡಿಸಿಕೊಂಡವನು.

ಮನೆ ಬದಲಿಸುವ ಯೋಚನೆಗೂ ಇದೇ ಉತ್ತರ. ಕುಷ್ಟಗಿ ಕಡೆ ಒಂದು ಹಳ್ಳಿಯಲ್ಲಿರುವ ಅಕ್ಕನ ಮನೆಗೆ ಹೋಗಿ ಉಳಿದೆ. ಮಿಲ್ ಇಲ್ಲ, ಲಾರಿ ಇಲ್ಲ. ಅಲ್ಲಿ ನನ್ನ ಕಿವಿಯೊಳಗಿನ ಮಿಲ್ ಗಂಗಾವತಿಯಲ್ಲಿ ಇದ್ದುದಕ್ಕಿಂತ ಜಾಸ್ತಿ ಕೇಳಿತು. 1953ರಲ್ಲಿ ಅಮೆರಿಕದಲ್ಲಿ ಹೆಲರ್ ಮತ್ತು ಬರ್ಗ್‌ಮನ್ ಅನ್ನುವ ಇಬ್ಬರು, ಕಿವಿ ಚೆನ್ನಾಗಿದ್ದ 80 ಜನರನ್ನು ಸದ್ದೇ ಬಾರದ ಕೋಣೆಯಲ್ಲಿ ಕೂರಿಸಿದ್ದರು. ನೂರಕ್ಕೆ 94ರಷ್ಟು ಜನ ಏನೋ ಸದ್ದು ಕೇಳುತ್ತಿದೆ ಅಂದರು. ಪೂರ್ತಿ ನಿಶ್ಶಬ್ದದಲ್ಲಿ ಚೆನ್ನಾಗಿರುವ ಕಿವಿಗೇ ಹೀಗಾದರೆ, ನಿಮಗೆ ಅಲ್ಲಿ ನೆಮ್ಮದಿ ಸಿಗುತ್ತದಾ? ಸುಮ್ನೆ ಅಡ್ವಾನ್ಸ್ ದುಡ್ಡು ಕಳೆದುಕೊಳ್ಳುತ್ತೀರಿ.

ಯಾವ ಸದ್ದು ನಿಜದ್ದು, ಯಾವುದು ಕಿವಿಯದ್ದು ಅಂತ ಹೇಗೆ ಗುರುತಿಸಲಿ ಅಂತಲೂ ಕೇಳಿದ್ದೀರಿ. ಗುರುತಿಸಲು ಹೋಗಲೇಬೇಡಿ. ನಾನು ಸ್ಟಾರ್ಟರ್ ನೋಡಲು ಎದ್ದು ಹೋದಷ್ಟೂ ಆ ಸದ್ದು ಮುಖ್ಯ ಅಂತ ಮಿದುಳಿಗೆ ನಾನೇ ಕಲಿಸುತ್ತಿದ್ದೆ. ಹೊರಗಿನ ಸದ್ದಿಗೆ ತಕ್ಕಂತೆ ಒಳಗಿನದೂ ಏರುವುದು, ಬದಲಾಗುವುದು ತುಂಬಾ ಜನರಿಗೆ ಇದೆ. ಕೇಳುವ ಶಕ್ತಿ ಕಮ್ಮಿಯಾದ ಕೆಲವರಿಗೆ ಹಾಡು, ಭಜನೆ ಕೂಡ ಕೇಳುತ್ತದೆ. ಅದು ಹುಚ್ಚಲ್ಲ. ಮನೆಯವರಿಗೆ ಇದೊಂದು ಮಾತು ಖಂಡಿತ ಹೇಳಿ.

ಈಗ ನಾನು ಮಾಡುವುದು ಹೇಳುತ್ತೇನೆ. ಮಿಲ್ಲಿನೊಳಗೆ ಇಯರ್‌ಮಫ್, ಅಂದರೆ ಇಡೀ ಕಿವಿ ಮುಚ್ಚುವ ಕವಚ, ಇಲ್ಲದೆ ನಿಲ್ಲುವುದಿಲ್ಲ. ಹತ್ತಿ ತುರುಕಿಕೊಂಡರೆ ಹೆಚ್ಚೇನೂ ತಡೆಯಲ್ಲ. 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಮಿತಿ, ಪ್ರತಿ 3 ಡೆಸಿಬಲ್ಲಿಗೆ ಸಮಯ ಅರ್ಧ ಮಾಡಿ ಅನ್ನುತ್ತಾರೆ. 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ. ಮೀಟರ್ ಬೇಕಿಲ್ಲ, ಒಂದು ತೋಳಿನಷ್ಟು ದೂರದಲ್ಲಿ ನಿಂತವರಿಗೆ ಕೂಗಿ ಹೇಳಬೇಕಾದರೆ ಆ ಜಾಗ ಅಪಾಯದ್ದು. ನಮ್ಮ ಹಮಾಲರಿಗೂ ಈಗ ಇದನ್ನೇ ಹೇಳುತ್ತಿರುತ್ತೇನೆ. ನೀವು ಮಿಲ್ಲಿನ ಒಳಗೆ ಕೆಲಸ ಮಾಡುತ್ತೀರೋ, ಬರೀ ಪಕ್ಕದಲ್ಲಿ ಇರುತ್ತೀರೋ ಬರೆದಿಲ್ಲ. ಒಳಗೆ ಇದ್ದರೆ ಮಾತ್ರ ಪ್ಲಗ್ ಕೊಳ್ಳಿ, ಒಳಗೇ ಹಾಕಿ.

ಮನೆಯಲ್ಲಿ ಸಣ್ಣಗೆ ಏನಾದರೂ ಕೇಳುತ್ತಿರಲಿ. ಕೂಲರಿನ ದಪ್ಪ ಸದ್ದಿಗೆ ನನ್ನ ಕಿವಿ ಕೆರಳುತ್ತದೆ. ಅದಕ್ಕೇ ಕೂಲರನ್ನು ಕಿಟಕಿಯ ಆಚೆ ಇಟ್ಟು, ಫೋನಿನಲ್ಲಿ ಮಳೆಯ ಸದ್ದು ಹಾಕುತ್ತೇನೆ. ಒಳಗಿನ ಸದ್ದು ಮುಚ್ಚಿಹೋಗುವಷ್ಟು ಜೋರು ಬೇಡ, ಅದಕ್ಕಿಂತ ಸ್ವಲ್ಪ ಕಮ್ಮಿ ಇದ್ದರೆ ಸಾಕು. ನಿಮ್ಮ ಕಿವಿಗೆ ಯಾವ ಸದ್ದು ಒಗ್ಗುತ್ತದೋ ನೀವೇ ಹುಡುಕಬೇಕು.

ಮಾತ್ರೆಗೆ ದುಡ್ಡು ಸುರಿಯಬೇಡಿ. ಇದನ್ನು ವಾಸಿ ಮಾಡುವ ಮಾತ್ರೆ ಇನ್ನೂ ಬಂದಿಲ್ಲ. ಮೊದಲು ಆಡಿಯೋಗ್ರಾಮ್ ಮಾಡಿಸಿ, ಯಾವ ಸದ್ದು ಎಷ್ಟು ಕೇಳುತ್ತದೆ ಅಂತ ಗೆರೆ ಎಳೆದು ತೋರಿಸುವ ಕಿವಿಯ ಟೆಸ್ಟ್ ಅದು. ಸದ್ದಿನಿಂದ ಕೆಟ್ಟ ಕಿವಿಯಾದರೆ ಸಾಮಾನ್ಯವಾಗಿ 4000 ಹರ್ಟ್ಸ್ ಹತ್ತಿರ, ಅಂದರೆ ಕೀಚಲು ಸದ್ದಿನ ಕಡೆ, ಗೆರೆ ಕುಸಿದಿರುತ್ತದೆ. ನನ್ನದು ಹಾಗೇ ಇತ್ತು. ಕೇಳುವುದು ಕಮ್ಮಿ ಆಗಿದ್ದರೆ ಹಿಯರಿಂಗ್ ಏಡ್ ಹಾಕಿಕೊಳ್ಳಲು ನಾಚಿಕೆ ಬೇಡ, ಅದರಿಂದ ಒಳಗಿನ ಸದ್ದೂ ಹಿಂದೆ ಸರಿಯುತ್ತದೆ ಅನ್ನುವುದು ನನ್ನ ಅನುಭವ. ಸದ್ದಿನ ಭಯಕ್ಕೆ ಕೌನ್ಸೆಲಿಂಗ್ ಕೂಡ ಕೆಲಸ ಮಾಡುತ್ತದೆ, ನನಗೆ ನಿದ್ದೆ ಬಂದದ್ದು ಅದರಿಂದಲೇ. ಇಲ್ಲಿ ಸರಿಯಾಗಲಿಲ್ಲ ಅಂದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗಿ. ದೂರ ನಿಜ, ಆದರೆ ಅವರ ಕೆಲಸವೇ ಇದು.

ಮತ್ತೆ, ಸದ್ದು ಒಂದೇ ಕಿವಿಯಲ್ಲಿದ್ದರೆ, ನಾಡಿ ಬಡಿದಂತೆ ಬಡಿಯುತ್ತಿದ್ದರೆ, ತಲೆ ಸುತ್ತಿದರೆ ತಡಮಾಡದೆ ಇಎನ್‌ಟಿ ಡಾಕ್ಟರಿಗೆ ತೋರಿಸಿ. ಒಂದು ಕಿವಿ ದಿಢೀರನೆ ಕೇಳದಂತಾದರೆ ಅವತ್ತೇ ಹೊರಡಿ. ಅದಕ್ಕೆ ಸ್ಟೆರಾಯ್ಡ್ ಕೊಡುತ್ತಾರೆ, ಮೊದಲ ಎರಡು ವಾರ ದಾಟಿದರೆ ಅದರಿಂದ ಆಗುವ ಉಪಯೋಗ ಕಮ್ಮಿ.