ಪಾಂಡಾಗಳ ಸಂಖ್ಯೆ ಹೆಚ್ಚಿದೆ, ಅಪಾಯ ಮುಗಿಯಿತೇ?

ಪ್ರಶ್ನೆ: ಪಾಂಡಾ ಈಗ ‘ಅಳಿವಿನಂಚಿನ’ ಪ್ರಾಣಿ ಅಲ್ಲವಂತೆ. ಹಾಗಾದರೆ ಅಪಾಯ ಮುಗಿದ ಹಾಗೇನಾ? ಬಿದಿರು ಸಿಗದಿದ್ದರೆ ಬೇರೆ ಏನಾದರೂ ತಿಂದು ಬದುಕಬಹುದಲ್ವಾ, ಅದೂ ಕರಡಿಯೇ ತಾನೆ?
– ಹೈಸ್ಕೂಲ್ ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ನೀವು ಕೇಳಿದ್ದು ನಿಜ. 2016ರಲ್ಲಿ ಐಯುಸಿಎನ್ (ಯಾವ ಜೀವಿಗೆ ಎಷ್ಟು ಅಪಾಯವಿದೆ ಎಂದು ಪಟ್ಟಿ ಮಾಡುವ ಅಂತರರಾಷ್ಟ್ರೀಯ ಸಂಸ್ಥೆ) ಪಾಂಡಾವನ್ನು ಆ ಪಟ್ಟಿಯಿಂದ ತೆಗೆದು, ಅಪಾಯ ಸ್ವಲ್ಪ ಕಡಿಮೆ ಇರುವ ಪಟ್ಟಿಗೆ ಸೇರಿಸಿತು. ಚೀನಾದ ನಾಲ್ಕನೇ ಗಣತಿಯಲ್ಲಿ ಕಾಡಿನ ಪಾಂಡಾಗಳು 1,864. ಅದಕ್ಕೂ ಹಿಂದಿನ ಗಣತಿಯಲ್ಲಿ 1,596 ಇದ್ದವು. 1998ರ ಯಾಂಗ್‌ಟ್ಸೆ ನದಿ ಪ್ರವಾಹದ ನಂತರ ಮರ ಕಡಿಯುವುದಕ್ಕೆ ತಡೆ ಬಿದ್ದಿದ್ದು ಇದಕ್ಕೆ ತುಂಬಾ ನೆರವಾಯಿತು.

ಆದರೆ ಅಪಾಯ ಮುಗಿದಿಲ್ಲ. ಯಾಕೆ ಅನ್ನುವುದು ನಿಮ್ಮ ಎರಡನೇ ಪ್ರಶ್ನೆಯಲ್ಲೇ ಇದೆ.

ಪಾಂಡಾದ ಊಟದಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲು ಬಿದಿರೇ: ಎಲೆ, ಕಾಂಡ, ಕಳಲೆ. ಹೊಟ್ಟೆ ಮಾತ್ರ ಮಾಂಸಾಹಾರಿಯದು. ತಿಂದದ್ದರಲ್ಲಿ ಐದನೇ ಒಂದು ಪಾಲೂ ಜೀರ್ಣವಾಗುವುದಿಲ್ಲ. ಹಾಗಾಗಿ ದಿನಕ್ಕೆ ಹತ್ತು ಗಂಟೆಗೂ ಜಾಸ್ತಿ ಹೊತ್ತು ತಿನ್ನುತ್ತಲೇ ಇರಬೇಕು. ಮೈಯಲ್ಲಿ ಸಾಕಷ್ಟು ಕೊಬ್ಬು ಕೂಡುವುದಿಲ್ಲ, ಬೇರೆ ಕರಡಿಗಳ ಹಾಗೆ ಚಳಿಗಾಲವಿಡೀ ಮಲಗುವಂತಿಲ್ಲ.

ಬಿದಿರಿನ ಗುಣ ಮಲೆನಾಡಿನವರಾದ ನಿಮಗೆ ಗೊತ್ತೇ ಇರುತ್ತದೆ. ಹಲವು ವರ್ಷಕ್ಕೊಮ್ಮೆ ಹೂ ಬಿಟ್ಟು, ಇಡೀ ಮೆಳೆ ಒಣಗಿ ಸಾಯುತ್ತದೆ. ಪಾಂಡಾ ತಿನ್ನುವ ಬಿದಿರುಗಳೂ ಹಾಗೆಯೇ. ಹೊಸ ಸಸಿ ಬೆಳೆದು ಹೊಟ್ಟೆ ತುಂಬಿಸಲು ಹತ್ತು ವರ್ಷಕ್ಕೂ ಹೆಚ್ಚು ಬೇಕು. ಹಿಂದೆಲ್ಲ ಪಾಂಡಾಗಳು ಬೇರೆ ಜಾತಿಯ ಬಿದಿರು ಹುಡುಕಿಕೊಂಡು ಪಕ್ಕದ ಕಣಿವೆಗೆ ಇಳಿಯುತ್ತಿದ್ದವು. ಈಗ ನಡುವೆ ಹೊಲ, ಊರು, ಹೆದ್ದಾರಿ. 1970ರ ದಶಕದಲ್ಲಿ ಮಿನ್‌ಶಾನ್ ಬೆಟ್ಟಗಳಲ್ಲಿ ಬಿದಿರು ಹೂ ಬಿಟ್ಟು ಒಣಗಿದಾಗ 138 ಪಾಂಡಾಗಳ ಶವ ಸಿಕ್ಕವು. ಓದಿದಾಗಲೆಲ್ಲ ಸಂಕಟವಾಗುವ ಲೆಕ್ಕ ಇದು.

ಆ ಗಣತಿಯಲ್ಲಿ ಸಿಕ್ಕ 1,864 ಪ್ರಾಣಿಗಳು ಒಂದೇ ಕಾಡಿನಲ್ಲಿರಲಿಲ್ಲ. ಸಿಚುವಾನ್, ಶಾಂಕ್ಸಿ, ಗಾನ್ಸು ಪ್ರಾಂತ್ಯಗಳಲ್ಲಿ 33 ಗುಂಪುಗಳಾಗಿ ಚದುರಿದ್ದವು. ಹಲವು ಗುಂಪುಗಳಲ್ಲಿ ಹತ್ತೂ ಇರಲಿಲ್ಲ. ಹೆಣ್ಣು ವರ್ಷಕ್ಕೊಮ್ಮೆ ಮಾತ್ರ ಬೆದೆಗೆ ಬರುತ್ತದೆ, ಗರ್ಭ ಕಟ್ಟುವ ಅವಧಿ ಎರಡು ಮೂರು ದಿನವಷ್ಟೇ. ಅಷ್ಟರಲ್ಲಿ ಗಂಡು ಹತ್ತಿರವೇ ಇರಬೇಕು. ಹುಟ್ಟುವ ಮರಿಯ ತೂಕ ನೂರು ಗ್ರಾಂ ಆಸುಪಾಸು. ಅದನ್ನು ಸಾಕಿ ಬೆಳೆಸಲು ತಾಯಿಗೆ ಒಂದೂವರೆ ವರ್ಷವಾದರೂ ಬೇಕು.

ಮೃಗಾಲಯದಲ್ಲಿ ಮರಿ ಹುಟ್ಟಿದರೆ ದೊಡ್ಡ ಸುದ್ದಿಯಾಗುತ್ತದೆ. ನನಗೆ ಅದಕ್ಕಿಂತ ಮುಖ್ಯ ಅನ್ನಿಸುವುದು ಚಿನ್‌ಲಿಂಗ್ ಬೆಟ್ಟದಲ್ಲಿ ನಡೆದ ಕೆಲಸ. ಅಲ್ಲಿ ಹೆದ್ದಾರಿಯನ್ನು ಸುರಂಗದೊಳಗೆ ಕಳಿಸಿ, ಹಳೆಯ ರಸ್ತೆಯ ಜಾಗದಲ್ಲಿ ಬಿದಿರು ನೆಟ್ಟಿದ್ದಾರೆ, ಎರಡು ಕಡೆಯ ಪಾಂಡಾಗಳು ಓಡಾಡಲಿ ಎಂದು. 2021ರಲ್ಲಿ ಘೋಷಿಸಿದ ಪಾಂಡಾ ರಾಷ್ಟ್ರೀಯ ಉದ್ಯಾನದ ಮುಖ್ಯ ಗುರಿಯೂ ಹೀಗೆ ತುಂಡಾದ ಕಾಡುಗಳನ್ನು ಕೂಡಿಸುವುದೇ.